ಕೆಂಪು ದೀಪ ಹೊತ್ತಿದಾಗ

ಇಂಗ್ಲೆಂಡಿನ ಬೀಟಲ್ಸ್ ತಂಡದ ‘ಲವ್ ಮಿ ಡೂ’ ಹಾಡನ್ನು ನೀವು ಎಷ್ಟೋ ಸಲ ಕೇಳಿರಬಹುದು. ಇವತ್ತು ಇನ್ನೊಂದು ಸಲ ಕೇಳಿ. ಅದರಲ್ಲಿ ಒಂದು ಜಾಗ ಬರುತ್ತದೆ. ಗಿಟಾರ್, ಡ್ರಮ್ಸ್ ಎಲ್ಲ ಒಮ್ಮೆಲೇ ನಿಲ್ಲುತ್ತವೆ. ಒಬ್ಬ ಹುಡುಗ ಒಬ್ಬನೇ, ತಗ್ಗಿದ ಸ್ವರದಲ್ಲಿ, ಹಾಡಿನ ಹೆಸರನ್ನೇ ಹಾಡುತ್ತಾನೆ. ಮೂರೇ ಪದ. ಆಮೇಲೆ ಮೌತ್ ಆರ್ಗನ್ ಬಂದು ಅವನ ಕೈ ಹಿಡಿಯುತ್ತದೆ. ಆ ಮೂರು ಪದ ಮುಗಿಯುವಷ್ಟು ಹೊತ್ತು ಹುಡುಗನ ದನಿ ಸಣ್ಣಗೆ ನಡುಗುತ್ತದೆ.

ಹಾಡಿದವನು ಪಾಲ್ ಮೆಕಾರ್ಟ್ನಿ. ಆಗ ಅವನಿಗೆ 20 ವರ್ಷ. (ಈಗ ಅವರು ತುಂಬಾ ಹಿರಿಯರು. ಆದರೆ ಆ ವಯಸ್ಸಿನ ದನಿ ಕೇಳುವಾಗ ನನಗೆ ಏಕವಚನವೇ ಬಾಯಿಗೆ ಬರುತ್ತದೆ. ಹಾಗೇ ಬರೆಯುತ್ತೇನೆ.) ಆ ಸಾಲು ಮೊದಲು ಪಾಲ್‌ನದ್ದಾಗಿರಲಿಲ್ಲ, ತಂಡದ ಇನ್ನೊಬ್ಬ ಹುಡುಗ ಜಾನ್ ಲೆನನ್ ಹಾಡುತ್ತಿದ್ದ. ಆದರೆ ಮೌತ್ ಆರ್ಗನ್ ನುಡಿಸುವವನೂ ಜಾನ್ ತಾನೇ. ಸಾಲಿನ ಕೊನೆಯ ಪದ ಮುಗಿಯುವ ಮೊದಲೇ ವಾದ್ಯ ಬಾಯಿಗೆ ಹೋಗಬೇಕು. ಒಂದೇ ಬಾಯಲ್ಲಿ ಎರಡು ಕೆಲಸ ಹೇಗೆ ಮಾಡೋದು? ಆಗ ನಿರ್ಮಾಪಕ ಜಾರ್ಜ್ ಮಾರ್ಟಿನ್, ಆ ಸಾಲನ್ನು ಪಾಲ್ ಹಾಡಲಿ ಅಂದರು. ಸ್ಟುಡಿಯೋದಲ್ಲೇ, ನಿಂತ ಜಾಗದಲ್ಲೇ ಆದ ತೀರ್ಮಾನ. ಇಡೀ ಹಾಡು ನಿಂತು ದಾರಿ ಬಿಡುವ ಆ ಜಾಗ ಪಾಲ್‌ನ ತಲೆ ಮೇಲೆ ಬಂತು. ಆ ರೆಕಾರ್ಡ್ ಕೇಳಿದಾಗಲೆಲ್ಲ ತನ್ನ ದನಿಯ ನಡುಕ ಈಗಲೂ ಕೇಳಿಸುತ್ತದೆ ಎಂದು ಅವರೇ ಎಷ್ಟೋ ವರ್ಷಗಳ ಮೇಲೆ ಹೇಳಿದ್ದಾರೆ.

ಈ ನಡುಕ ನನಗೆ ಗೊತ್ತು. ನನಗೆ 17 ವರ್ಷ ಇದ್ದಾಗ ಒಂದು ರೇಡಿಯೋ ಕೇಂದ್ರಕ್ಕೆ ಸುಗಮ ಸಂಗೀತದ ಧ್ವನಿ ಪರೀಕ್ಷೆಗೆ ಹೋಗಿದ್ದೆ. ಬೆಳಿಗ್ಗೆ ಅಮ್ಮ ಮೆಣಸಿನ ಕಷಾಯ ಮಾಡಿಕೊಟ್ಟಿದ್ದಳು. ಮನೆಯಲ್ಲಿ ನೂರು ಸಲ ಹಾಡಿದ ಭಾವಗೀತೆ. ಬಚ್ಚಲಲ್ಲಿ, ಮಹಡಿ ಮೇಲೆ, ಮದುವೆ ಮನೆಗಳಲ್ಲಿ, ಎಲ್ಲೂ ತಪ್ಪಿರಲಿಲ್ಲ. ಸ್ಟುಡಿಯೋದ ದಪ್ಪ ಬಾಗಿಲು ಮುಚ್ಚಿತು. ಹೊರಗಿನ ಸದ್ದೆಲ್ಲ ಒಮ್ಮೆಗೇ ನಿಂತಿತು. ಗಾಜಿನ ಆಚೆ ಇಬ್ಬರು ಕೂತಿದ್ದರು. ಗೋಡೆಯ ಮೇಲೆ ಕೆಂಪು ದೀಪ ಹೊತ್ತಿಕೊಂಡಿತು, ರೆಕಾರ್ಡಿಂಗ್ ಶುರುವಾಯಿತು ಅನ್ನುವ ಗುರುತು. ನಾನು ಬಾಯಿ ತೆರೆದೆ, ಹೊರಗೆ ಬಂದದ್ದು ನನ್ನ ದನಿಯೇ ಅಲ್ಲ. ಎರಡನೇ ಚರಣದ ಹೊತ್ತಿಗೆ ಶ್ರುತಿ ಕೈಬಿಟ್ಟಿತ್ತು.

ಅದಾಗಿ ಕೆಲವು ವರ್ಷಕ್ಕೆ, 1995ರ ಕೊನೆಯಲ್ಲಿ, ಬೀಟಲ್ಸ್‌ನ ಹಳೆಯ, ಹೊರಗೆ ಬಾರದ ಧ್ವನಿಮುದ್ರಣಗಳ ಸಂಗ್ರಹ ‘ಆಂಥಾಲಜಿ 1’ ಬಿಡುಗಡೆಯಾಯಿತು. ಗೆಳೆಯನೊಬ್ಬ ಅದರ ಕ್ಯಾಸೆಟ್ ತಂದುಕೊಟ್ಟ. ಅವನಿಗೆ ಅದು ಅಷ್ಟೇನೂ ಹಿಡಿಸಿರಲಿಲ್ಲ. ಸದ್ದು ಸರಿಯಿಲ್ಲ, ಹಾಡುಗಳು ಕಚ್ಚಾ ಅಂದಿದ್ದ. ನಾನು ಮಾತ್ರ ಆ ಕ್ಯಾಸೆಟ್ಟನ್ನು ಟೇಪು ಸವೆಯುವ ತನಕ ಕೇಳಿದೆ. ಲೋಕವೆಲ್ಲ ಕೇಳಿದ ಆ ದನಿಗಳು ಕೆಂಪು ದೀಪದ ಮುಂದೆ ಹೆದರುವುದನ್ನು ಅದರಲ್ಲಿ ಕಿವಿಯಾರೆ ಕೇಳಬಹುದಿತ್ತು. ಆಮೇಲೆ ಅವರ ಮೊದಲ ಐದು ವರ್ಷದ ಧ್ವನಿಮುದ್ರಣಗಳನ್ನೆಲ್ಲ ಹುಡುಕಿ, ಸಾಲಾಗಿ ಇಟ್ಟುಕೊಂಡು ಕೇಳುವ ಅಭ್ಯಾಸ ಬಂತು. ನಡುಕ ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ ಅಂತ ಹುಡುಕುವುದು.

ಮೊದಲನೆಯ ತಟ್ಟೆ 1958ರ ಜುಲೈ ತಿಂಗಳಿನದು. ಆಗ ತಂಡದ ಹೆಸರು ಕ್ವಾರಿಮೆನ್. ಜಾನ್ ಓದುತ್ತಿದ್ದ ಶಾಲೆ ಕ್ವಾರಿ ಬ್ಯಾಂಕ್, ಅದರಿಂದ ಬಂದ ಹೆಸರು. ಲಿವರ್‌ಪೂಲಿನ ಕೆನ್ಸಿಂಗ್ಟನ್ ಎಂಬ ರಸ್ತೆಯಲ್ಲಿ 38ನೇ ನಂಬರಿನ ಮನೆ. ಸಾಲುಮನೆಗಳಲ್ಲಿ ಒಂದು. ಪರ್ಸಿ ಫಿಲಿಪ್ಸ್ ಎಂಬ 60 ದಾಟಿದ ಹಿರಿಯರು ಆ ಮನೆಯೊಳಗೇ ಒಂದು ಸಣ್ಣ ಸ್ಟುಡಿಯೋ ಮಾಡಿಕೊಂಡಿದ್ದರು. ದುಡ್ಡು ಕೊಟ್ಟರೆ ಯಾರು ಬೇಕಾದರೂ ಹಾಡಿ ತಟ್ಟೆ ಮಾಡಿಸಿಕೊಂಡು ಹೋಗಬಹುದಿತ್ತು. ಐದು ಹುಡುಗರು ಬಂದರು. ಜಾನ್‌ಗೆ 17, ಪಾಲ್‌ಗೆ 16, ಜಾರ್ಜ್ ಹ್ಯಾರಿಸನ್‌ಗೆ 15. ಪಿಯಾನೋಗೆ ಜಾನ್ ಡಫ್ ಲೋ, ಡ್ರಮ್ಸ್‌ಗೆ ಕಾಲಿನ್ ಹ್ಯಾಂಟನ್. ಒಂದು ಬದಿಗೆ ಅಮೆರಿಕದ ಗಾಯಕ ಬಡ್ಡಿ ಹಾಲಿಯ ‘ದಟ್ಲ್ ಬಿ ದ ಡೇ’. ಇನ್ನೊಂದು ಬದಿಗೆ ಪಾಲ್ ಮತ್ತು ಜಾರ್ಜ್ ಹೆಸರಿನಲ್ಲಿರುವ ಸ್ವಂತ ಹಾಡು, ‘ಇನ್ ಸ್ಪೈಟ್ ಆಫ್ ಆಲ್ ದ ಡೇಂಜರ್’. ಎರಡರಲ್ಲೂ ಮುಖ್ಯ ದನಿ ಜಾನ್‌ನದು.

ಇದು ಅಂಗಡಿಯಲ್ಲಿ ಸಿಗುವ ಗ್ರಾಮಫೋನ್ ತಟ್ಟೆಯಂಥದ್ದಲ್ಲ. ಲೋಹದ ತಟ್ಟೆ, ಅದರ ಮೇಲೆ ಮೆತ್ತನೆಯ ಲೇಪ, ಆ ಲೇಪದಲ್ಲಿ ಮುಳ್ಳು ನೇರವಾಗಿ ಗೆರೆ ಕೊರೆಯುತ್ತದೆ. ಅಸಿಟೇಟ್ ಅನ್ನುತ್ತಾರೆ. ಪ್ರತಿ ಸಲ ಕೇಳಿದಾಗಲೂ ಒಂಚೂರು ಸವೆಯುತ್ತದೆ. ಹೆಚ್ಚು ಪ್ರೀತಿ ಮಾಡಿದಷ್ಟೂ ಬೇಗ ಹಾಳಾಗುವ ವಸ್ತು. ಹುಡುಗರ ಹತ್ತಿರ ಇದ್ದದ್ದು ಒಂದೇ ತಟ್ಟೆ. ಸರದಿಯಂತೆ ಒಬ್ಬೊಬ್ಬರು ಮನೆಗೆ ಒಯ್ದರು. ಕೊನೆಗೆ ಅದು ಡಫ್ ಲೋ ಕೈಗೆ ಹೋಯಿತು, ಅಲ್ಲೇ ಉಳಿಯಿತು. 20 ವರ್ಷಕ್ಕೂ ಜಾಸ್ತಿ! 1981ರಲ್ಲಿ ಪಾಲ್ ಅದನ್ನು ಅವರಿಂದ ಕೊಂಡುಕೊಂಡರು. ಕೆಲವೇ ಕೆಲವು ಪ್ರತಿ ಮಾಡಿಸಿ ಹತ್ತಿರದವರಿಗೆ ಕೊಟ್ಟರು. ನಮ್ಮಂಥವರಿಗೆ ಕೇಳಲು ಸಿಕ್ಕಿದ್ದು 1995ರ ಆ ಸಂಗ್ರಹದಲ್ಲೇ.

ಅದನ್ನು ಕೇಳಿದಾಗ ಅಚ್ಚರಿಯಾಗುವುದು ಜಾನ್‌ನ ಧೈರ್ಯ. ಚೂರೂ ನಡುಕ ಇಲ್ಲ. ಬಡ್ಡಿ ಹಾಲಿ ಬಿಕ್ಕಳಿಸಿದ ಹಾಗೆ ಪದವನ್ನು ಎಳೆದು ತುಂಡು ಮಾಡುತ್ತಿದ್ದರಲ್ಲ, ಅದನ್ನೇ ಈ ಹುಡುಗನೂ ಮಾಡುತ್ತಾನೆ. ಮೊದಲು ನನಗೆ ಇದು ಅರ್ಥವಾಗಲಿಲ್ಲ. 17ರ ಹುಡುಗ, ಜೀವನದ ಮೊದಲ ರೆಕಾರ್ಡಿಂಗ್, ಹೆದರಿಕೆ ಯಾಕಿಲ್ಲ? ತುಂಬಾ ಸಲ ಕೇಳಿದ ಮೇಲೆ ಹೊಳೆಯಿತು. ಅಲ್ಲಿ ಹಾಡುತ್ತಿರುವುದು ಬಡ್ಡಿ ಹಾಲಿಯ ದನಿ. ಅಣ್ಣನ ಅಂಗಿ ಹಾಕಿಕೊಂಡ ತಮ್ಮ ಬೀದಿಯಲ್ಲಿ ಎದೆಯೆತ್ತಿ ನಡೆಯುತ್ತಾನೆ ನೋಡಿ, ಹಾಗೆ. ಎರವಲು ತಂದ ದನಿಗೆ ಹೆದರಿಕೆ ಇರುವುದಿಲ್ಲ. ಸ್ವಂತ ಹಾಡು ಅನ್ನುವ ಎರಡನೆಯ ಬದಿಯಲ್ಲೂ ಎಲ್ವಿಸ್ ಪ್ರೀಸ್ಲಿಯ ನೆರಳೇ ಇದೆ.

ಅದೇ ಜುಲೈ 15ರಂದು ಜಾನ್‌ನ ತಾಯಿ ಜೂಲಿಯಾ ಮನೆಯ ಹತ್ತಿರದ ರಸ್ತೆಯಲ್ಲಿ ಕಾರು ಬಡಿದು ತೀರಿಕೊಂಡರು. ಅವನಿಗೆ ಬ್ಯಾಂಜೋ ಹಿಡಿದು ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೊದಲು ಕಲಿಸಿದವರು ಅವರೇ. ಇದನ್ನು ತಿಳಿದುಕೊಂಡ ಮೇಲೆ ಆ ತಟ್ಟೆಯ ಎದೆಯೆತ್ತಿದ ದನಿಯನ್ನು ಮೊದಲಿನ ಹಾಗೆ ಕೇಳಲು ನನಗೆ ಆಗಿಲ್ಲ.

(ಇನ್ನೂ ಒಂದು ವರ್ಷ ಹಿಂದಿನ ಟೇಪೂ ಇದೆ. 1957ರ ಜುಲೈ 6, ವೂಲ್ಟನ್ ಎಂಬಲ್ಲಿನ ಚರ್ಚಿನ ಜಾತ್ರೆ. ಜಾನ್ ಮತ್ತು ಪಾಲ್ ಮೊದಲ ಸಲ ಭೇಟಿಯಾದ ದಿನ. ಅಲ್ಲಿಗೆ ಬಂದಿದ್ದ ಒಬ್ಬ ಹುಡುಗ ತನ್ನ ಟೇಪ್ ರೆಕಾರ್ಡರಿನಲ್ಲಿ ಕ್ವಾರಿಮೆನ್ ಹಾಡಿದ್ದನ್ನು ಹಿಡಿದಿದ್ದ. 1994ರಲ್ಲಿ ಆ ಟೇಪು ಲಂಡನ್ನಿನ ಹರಾಜಿನಲ್ಲಿ 78,500 ಪೌಂಡಿಗೆ ಹೋಯಿತು, ಕೊಂಡದ್ದು ಇಎಂಐ ಎಂಬ ರೆಕಾರ್ಡ್ ಕಂಪನಿ. ಜಾನ್ ಮತ್ತು ಪಾಲ್ ಒಬ್ಬರಿಗೊಬ್ಬರು ಪರಿಚಯವಾದ ದಿನದ ಸದ್ದು ಒಂದು ಪೆಟ್ಟಿಗೆಯಲ್ಲಿ ಇದೆ ಅಂದರೆ ನನಗೆ ಮೈ ಜುಮ್ಮೆನ್ನುತ್ತದೆ.)

1960ರ ಮನೆ ಟೇಪುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಮ್ನೆ ಕೂತು ನುಡಿಸಿಕೊಂಡದ್ದು. ಆ ವರ್ಷದ ಆಗಸ್ಟಿನಲ್ಲಿ ಅವರು ಜರ್ಮನಿಯ ಹ್ಯಾಂಬರ್ಗಿಗೆ ಹೋದದ್ದು ಮುಖ್ಯ. ಇಂದ್ರಾ ಎಂಬ ಕ್ಲಬ್ಬು. ಹೌದು, ನಮ್ಮ ಇಂದ್ರನ ನೆನಪಾಗುವ ಹೆಸರೇ. ವಾರದ ದಿನಗಳಲ್ಲಿ ನಾಲ್ಕೂವರೆ ಗಂಟೆ, ಶನಿವಾರ ಭಾನುವಾರ ಆರು ಗಂಟೆ ನುಡಿಸಬೇಕು. ಕುಡಿದವರು, ಜಗಳವಾಡುವವರು, ನಾವಿಕರು. ಅಂಥವರನ್ನು ಹಿಡಿದು ನಿಲ್ಲಿಸಬೇಕಾದರೆ ಸಂಕೋಚ ಪಟ್ಟರೆ ಆಗುವುದಿಲ್ಲ. ನಮ್ಮಲ್ಲಿ ರಾತ್ರಿಯಿಡೀ ಬಯಲಾಟ ಆಡುವವರಿಗೆ ಆಗುವ ಹಾಗೆ ಇವರ ಗಂಟಲೂ ಕಾಲೂ ಅಲ್ಲಿ ಪಳಗಿದವು.

1961ರ ಜೂನ್ 22ರಂದು ಅದೇ ಹ್ಯಾಂಬರ್ಗಿನ ಹಾರ್ಬರ್ಗ್ ಕಡೆಯ ಫ್ರೀಡ್ರಿಶ್ ಎಬರ್ಟ್ ಸಭಾಂಗಣದಲ್ಲಿ ಅವರ ಮೊದಲ ವೃತ್ತಿಪರ ರೆಕಾರ್ಡಿಂಗ್ ಆಯಿತು. ಶಾಲೆಗೆ ಸೇರಿದ ಸಭಾಂಗಣ. ಮಾಡಿಸಿದವರು ಬರ್ಟ್ ಕೆಂಪ್‌ಫರ್ಟ್ ಎಂಬ ದೊಡ್ಡ ಸಂಗೀತ ಸಂಯೋಜಕರು. ಆದರೆ ಅವರಿಗೆ ಬೇಕಾಗಿದ್ದು ಟೋನಿ ಶೆರಿಡನ್ ಎಂಬ ಗಾಯಕ. ಬೀಟಲ್ಸ್ ಬಂದದ್ದು ಹಿಂದೆ ನಿಂತು ನುಡಿಸಲಿಕ್ಕೆ. ‘ಮೈ ಬಾನಿ’ ಎಂಬ ಹಾಡು ಹೊರಬಂದಾಗ ತಟ್ಟೆಯ ಮೇಲೆ ಅವರ ಹೆಸರೂ ಇರಲಿಲ್ಲ, ‘ಬೀಟ್ ಬ್ರದರ್ಸ್’ ಅಂತ ಹಾಕಿದ್ದರು. ಅವರ ನಿಜವಾದ ಹೆಸರು ಅಲ್ಲಿನ ಆಡುಮಾತಿನ ಒಂದು ಪೋಲಿ ಪದದ ಹಾಗೆ ಕೇಳಿಸುತ್ತಿತ್ತಂತೆ.

ಅಲ್ಲೂ ನಡುಕ ಇಲ್ಲ. ಬೇರೆಯವರ ಹಿಂದೆ ನಿಂತಿದ್ದಾರಲ್ಲ. ಅದೇ ದಿನ ಜಾನ್ ಹಾಡಿದ ‘ಏಂಟ್ ಶಿ ಸ್ವೀಟ್’ ಕೇಳಿದರೆ ಅವನು ತನ್ನ ದನಿಯ ಅಂಚಿಗೆ ಬಂದು ನಿಂತಿದ್ದಾನೆ ಅನ್ನಿಸುತ್ತದೆ. ಹಳೆಯ ಕಾಲದ ಮೆಲು ಹಾಡು, ಅದನ್ನು ಗುದ್ದಿ ಗುದ್ದಿ ಹಾಡುತ್ತಾನೆ. ಡ್ರಮ್ಸ್‌ಗೆ ಪೀಟ್ ಬೆಸ್ಟ್.

ಈಗ ನಿಜವಾದ ಕೆಂಪು ದೀಪಕ್ಕೆ ಬರುತ್ತೇನೆ. 1962ರ ಜನವರಿ 1. ಲಂಡನ್ನಿನ ವೆಸ್ಟ್ ಹ್ಯಾಂಪ್‌ಸ್ಟೆಡ್‌ನಲ್ಲಿ ಡೆಕ್ಕಾ ಎಂಬ ರೆಕಾರ್ಡ್ ಕಂಪನಿಯ ಸ್ಟುಡಿಯೋ. ಅಲ್ಲಿ ಇವರಿಗೆ ಧ್ವನಿ ಪರೀಕ್ಷೆ. ಲಿವರ್‌ಪೂಲಿನಲ್ಲಿ ರೆಕಾರ್ಡ್ ಅಂಗಡಿ ನಡೆಸುತ್ತಿದ್ದ ಬ್ರಯನ್ ಎಪ್‌ಸ್ಟೀನ್ ಆಗಷ್ಟೇ ಇವರ ಹೊಣೆ ಹೊತ್ತಿದ್ದರು. ಹಿಂದಿನ ದಿನ ಹುಡುಗರು ವ್ಯಾನಿನಲ್ಲಿ ಸಾಮಾನಿನ ನಡುವೆ ಕೂತು ಹೊರಟರು. ಓಡಿಸಿದವನು ಗೆಳೆಯ ನೀಲ್ ಆಸ್ಪಿನಾಲ್. ಹಿಮ ಬೀಳುತ್ತಿತ್ತು, ದಾರಿ ತಪ್ಪಿತು, ಲಂಡನ್ ಮುಟ್ಟುವಾಗ ಸುಮಾರು 10 ಗಂಟೆ ಕಳೆದಿತ್ತು. ಬೆಳಿಗ್ಗೆ ಸ್ಟುಡಿಯೋಗೆ ಹೋದರೆ ಕಂಪನಿಯ ಮೈಕ್ ಸ್ಮಿತ್ ಇನ್ನೂ ಬಂದಿಲ್ಲ. ಹಿಂದಿನ ರಾತ್ರಿ ಹೊಸ ವರ್ಷದ ಪಾರ್ಟಿ ಇತ್ತಲ್ಲ. ಬಂದ ಮೇಲೆ ಇವರ ಹಳೆಯ ಆಂಪ್ಲಿಫೈಯರುಗಳು ಬೇಡ, ಸ್ಟುಡಿಯೋದ್ದೇ ಬಳಸಿ ಅಂದರು. ಕೈಗೆ ಪಳಗಿದ ಸದ್ದೂ ಹೋಯಿತು.

ಆಮೇಲೆ ಕೆಂಪು ದೀಪ ಹೊತ್ತಿತು. ನೀಲ್ ಆಸ್ಪಿನಾಲ್ ಇದನ್ನು ನೆನೆಸಿಕೊಂಡಿದ್ದಾರೆ. ಎಲ್ಲರಿಗೂ ಆ ದೀಪದ್ದೇ ಚಿಂತೆಯಾಗಿತ್ತಂತೆ. ಪಾಲ್‌ನ ದನಿ ಒಂದು ಹಾಡಿನಲ್ಲಿ ಒಡೆಯಲು ಶುರುವಾಯಿತಂತೆ. ದೀಪ ಆರಿಸಬಹುದಾ ಅಂತ ನೀಲ್ ಕೇಳಿದರು. ಆರಿಸಿದರೆ ಯಾರಾದರೂ ಒಳಗೆ ಬಂದುಬಿಡುತ್ತಾರೆ ಅನ್ನುವ ಉತ್ತರ ಬಂತು. ಅದರ ಅರ್ಥವೂ ಇವರಿಗೆ ಆಗಲಿಲ್ಲ. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಆ ದಿನ 15 ಹಾಡು ಹಾಡಿದರು. ಅದರಲ್ಲಿ 12 ಬೇರೆಯವರದು, ಮೂರು ಮಾತ್ರ ಜಾನ್ ಮತ್ತು ಪಾಲ್ ಬರೆದದ್ದು. ಕ್ಲಬ್ಬಿನಲ್ಲಿ ಅವರು ಹಾಡುತ್ತಿದ್ದ ಬಗೆಬಗೆಯ ಹಾಡುಗಳಿಂದ ಆರಿಸಿದ ಪಟ್ಟಿ. ಎಲ್ಲ ಬಗೆಯೂ ನಮಗೆ ಬರುತ್ತದೆ ಅಂತ ತೋರಿಸುವ ಆಸೆ ಅದರಲ್ಲಿ ಕಾಣುತ್ತದೆ. ಒಂದು ನಾಟಕದ ಹಾಡು, ಒಂದು ಸ್ಪ್ಯಾನಿಷ್ ಧಾಟಿಯದು, ಒಂದು ತಮಾಷೆಯದು. ಮದುವೆ ಊಟದ ಎಲೆಯ ಹಾಗೆ ಎಲ್ಲವೂ ಇದೆ. ಇದು ನಮ್ಮ ಅಡುಗೆ ಅನ್ನುವಂಥದ್ದು ಕಮ್ಮಿ.

ಪಾಲ್‌ನ ‘ಲೈಕ್ ಡ್ರೀಮರ್ಸ್ ಡೂ’ ಕೇಳಿ. ಅವನದೇ ಹಾಡು. ದನಿ ಇರಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ, ಅವಸರದಲ್ಲಿ, ನಡುಗುತ್ತಾ ಹೋಗುತ್ತದೆ. ಚೆನ್ನಾಗಿ ಹಾಡಬೇಕು ಅನ್ನುವ ಆಸೆಯೇ ಗಂಟಲು ಹಿಡಿದುಬಿಟ್ಟಿದೆ. ಆದರೂ ಅವತ್ತಿನ ಹಾಡುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಜಾರ್ಜ್ ತಮಾಷೆಯ ಹಾಡನ್ನು ಹೆಚ್ಚು ನಿರಾಳವಾಗಿ ಹಾಡಿದ್ದಾನೆ, ಒಪ್ಪುತ್ತೇನೆ. ಆದರೆ ಅದು ಮತ್ತೆ ಅಣ್ಣನ ಅಂಗಿ. ಪಾಲ್ ಇಲ್ಲಿ ತನ್ನ ಸ್ವಂತ ಅಂಗಿಯಲ್ಲಿ ನಿಂತಿದ್ದಾನೆ, ಅದಕ್ಕೇ ನಡುಕ. ನಡುಕ ಕೇಳಿಸಿದ ಕಡೆ ಅವರ ಸ್ವಂತ ದನಿ ಹುಟ್ಟುತ್ತಿದೆ ಅಂತ ನಾನು ಗುರುತು ಹಾಕಿಕೊಳ್ಳತೊಡಗಿದ್ದು ಈ ಹಾಡಿನಿಂದ.

ಜಾನ್ ಅವತ್ತು ‘ಮನಿ’ ಹಾಡಿದ್ದಾನೆ. ಅದೇ ಹಾಡನ್ನು ಮುಂದಿನ ವರ್ಷದ ಜುಲೈಯಲ್ಲಿ ತಮ್ಮ ಎರಡನೇ ಆಲ್ಬಮ್ಮಿಗೆ ಮತ್ತೆ ಹಾಡಿದ. ಎರಡನ್ನೂ ಒಂದರ ಹಿಂದೆ ಒಂದು ಕೇಳಬೇಕು. ಡೆಕ್ಕಾದಲ್ಲಿ ಪಾಠ ಒಪ್ಪಿಸುವ ಹುಡುಗ. ಮುಂದಿನ ವರ್ಷ ಬಾಗಿಲು ಒದ್ದು ಒಳಗೆ ಬಂದವನು. ನಡುವೆ ಒಂದೂವರೆ ವರ್ಷ ಮಾತ್ರ.

ಡೆಕ್ಕಾ ಬೇಡ ಅಂದಿತು. ಅವರು ಆರಿಸಿದ್ದು ಬ್ರಯನ್ ಪೂಲ್ ಮತ್ತು ಟ್ರೆಮಿಲೋಸ್ ಎಂಬ ತಂಡವನ್ನು. ಅವರು ಲಂಡನ್ನಿಗೆ ಹತ್ತಿರದ ಊರಿನವರು. ಈ ವಿಷಯಕ್ಕೆ ಡೆಕ್ಕಾದವರನ್ನು ಲೋಕ 60 ವರ್ಷದಿಂದ ಆಡಿಕೊಂಡಿದೆ. ನಾನು ಆ ಟೇಪು ಕೇಳಿದ ಮೇಲೆ ಅವರನ್ನು ಬೈಯಲಾರೆ. ಗಾಜಿನ ಆಚೆ ಕೂತವರಿಗೆ ಕೇಳಿಸಿದ್ದು ಹೆದರಿದ ನಾಲ್ಕು ಹುಡುಗರು. ಹ್ಯಾಂಬರ್ಗಿನ ರಾತ್ರಿಗಳು ಅವರಿಗೆ ಹೇಗೆ ಕೇಳಿಸಬೇಕು?

ಎಪ್‌ಸ್ಟೀನ್ ಬಿಡಲಿಲ್ಲ. ಫೆಬ್ರವರಿಯಲ್ಲಿ ಅದೇ ಟೇಪನ್ನು ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ ಎಚ್‌ಎಂವಿ ಅಂಗಡಿಗೆ ಒಯ್ದು ತಟ್ಟೆ ಕೊರೆಸಿದರು. ಲೇಬಲ್ಲಿನ ಮೇಲೆ ತಮ್ಮ ಕೈಯಾರೆ ಹಾಡಿನ ಹೆಸರು ಬರೆದರು. ಅಂಗಡಿಯವರಿಗೆ ಹಾಡು ಹಿಡಿಸಿ ಒಬ್ಬರಿಂದ ಒಬ್ಬರಿಗೆ ಮಾತು ಹೋಗಿ, ದಾರಿ ಇಎಂಐ ಕಂಪನಿಯ ಪಾರ್ಲೋಫೋನ್ ವಿಭಾಗದ ಜಾರ್ಜ್ ಮಾರ್ಟಿನ್ ಅವರ ತನಕ ಮುಟ್ಟಿತು. ಆ ತಟ್ಟೆ ಲಿವರ್‌ಪೂಲಿನ ಇನ್ನೊಬ್ಬ ಸಂಗೀತಗಾರರ ಅಟ್ಟದಲ್ಲಿ ಬಹಳ ಕಾಲ ಬಿದ್ದಿತ್ತು. 2016ರಲ್ಲಿ 77,500 ಪೌಂಡಿಗೆ ಮಾರಾಟವಾಯಿತು.

1962ರ ಜೂನ್ 6. ಅಬ್ಬೆ ರೋಡಿನ ಇಎಂಐ ಸ್ಟುಡಿಯೋ. ಇಲ್ಲೂ ಮೊದಲು ಎಡವಟ್ಟೇ. ಪಾಲ್‌ನ ಬೇಸ್ ಗಿಟಾರಿನ ಆಂಪ್ಲಿಫೈಯರ್ ಎಷ್ಟು ಕೆಟ್ಟಿತ್ತೆಂದರೆ ಎಂಜಿನಿಯರ್ ನಾರ್ಮನ್ ಸ್ಮಿತ್ ಸ್ಟುಡಿಯೋದ್ದೇ ಒಂದು ದೊಡ್ಡ ಸ್ಪೀಕರ್ ಕಿತ್ತುತಂದು ಜೋಡಿಸಬೇಕಾಯಿತು. ‘ಲವ್ ಮಿ ಡೂ’ದ ಆ ಒಂಟಿ ಸಾಲು ಪಾಲ್ ಪಾಲಿಗೆ ಬಂದದ್ದು ಅವತ್ತೇ. ರೆಕಾರ್ಡಿಂಗ್ ಮುಗಿದ ಮೇಲೆ ಮಾರ್ಟಿನ್ ಹುಡುಗರನ್ನು ಮೇಲೆ ಕರೆದು, ಏನು ಸರಿಯಿಲ್ಲ ಅಂತ ತುಂಬಾ ಹೊತ್ತು ವಿವರಿಸಿದರು. ನಿಮಗೆ ಏನಾದರೂ ಇಷ್ಟವಾಗದ್ದು ಇದೆಯಾ ಅಂತ ಕೊನೆಗೆ ಕೇಳಿದರು. ನಿಮ್ಮ ಟೈ ನನಗೆ ಇಷ್ಟವಾಗಲಿಲ್ಲ ಅಂದ ಜಾರ್ಜ್ ಹ್ಯಾರಿಸನ್. ಎಲ್ಲರೂ ನಕ್ಕುಬಿಟ್ಟರು. ಗಾಜಿನ ಆಚೆಯವರ ಜೊತೆ ಅವರು ನಕ್ಕದ್ದು ಇದೇ ಮೊದಲು ಇರಬೇಕು ಅಂತ ನನಗೆ ಅನಿಸುತ್ತದೆ. ಭಯ ಕರಗಲು ಶುರುವಾದ ಕ್ಷಣ ಯಾವುದು ಅಂತ ಕೇಳಿದರೆ ನಾನು ಆ ನಗುವನ್ನೇ ತೋರಿಸುತ್ತೇನೆ.

ಆ ದಿನದ ಟೇಪುಗಳಲ್ಲಿ ಹೆಚ್ಚಿನವನ್ನು ಉಳಿಸಲಿಲ್ಲ. ಪೀಟ್ ಬೆಸ್ಟ್ ಬಾರಿಸಿದ ‘ಲವ್ ಮಿ ಡೂ’ದ ಒಂದು ಅಸಿಟೇಟ್ 1990ರ ದಶಕದಲ್ಲಿ ಜಾರ್ಜ್ ಮಾರ್ಟಿನ್ ಅವರ ಪತ್ನಿಗೆ ಮನೆಯಲ್ಲೇ ಸಿಕ್ಕಿತು. ಈಗ ಕೇಳಿದರೆ ನಡುವೆ ಒಂದು ಕಡೆ ಲಯ ಬದಲಾಗಿ, ಹಾಡು ಕಾಲು ತೊಡರಿಕೊಂಡ ಹಾಗೆ ಆಗುತ್ತದೆ. ಆಗಸ್ಟಿನಲ್ಲಿ ಪೀಟ್‌ನನ್ನು ತಂಡದಿಂದ ತೆಗೆದರು, ರಿಂಗೋ ಸ್ಟಾರ್ ಬಂದ. ಸೆಪ್ಟೆಂಬರ್ 4ರಂದು ರಿಂಗೋ ಜೊತೆ ಮತ್ತೆ ಅದೇ ಹಾಡು. ಮಾರ್ಟಿನ್ ಅವರಿಗೆ ತೃಪ್ತಿಯಾಗಲಿಲ್ಲ. ಒಂದು ವಾರ ಬಿಟ್ಟು, 11ನೇ ತಾರೀಕು, ಆಂಡಿ ವೈಟ್ ಎಂಬ ಅನುಭವಿ ಡ್ರಮ್ಮರ್ ಅಲ್ಲಿ ಕೂತಿದ್ದರು. ರಿಂಗೋ ಕೈಗೆ ಕಂಜೀರದಂಥ ಒಂದು ಟಾಂಬೊರಿನ್ ಕೊಟ್ಟರು. ಹೊಸದಾಗಿ ಸೇರಿದ ಹುಡುಗನಿಗೆ ಎಷ್ಟು ನೋವಾಗಿರಬೇಡ! ಹಾಡಿನಲ್ಲಿ ಟಾಂಬೊರಿನ್ ಕೇಳಿಸಿದರೆ ಡ್ರಮ್ಸ್ ಆಂಡಿ ವೈಟ್ ಬಾರಿಸಿದ್ದು, ಕೇಳಿಸದಿದ್ದರೆ ರಿಂಗೋ ಬಾರಿಸಿದ್ದು. ಆಲ್ಬಮ್ಮಿನಲ್ಲಿ ಇರುವುದು ವೈಟ್ ಅವರದು. 1962ರ ಅಕ್ಟೋಬರ್ 5ರಂದು ಮೊದಲು ಅಂಗಡಿಗೆ ಬಂದ ತಟ್ಟೆಯಲ್ಲಿ ಇದ್ದದ್ದು ರಿಂಗೋದು. ಅದರ ಮೂಲ ಟೇಪು ಉಳಿಯಲಿಲ್ಲ. ಆಮೇಲಿನ ಸಂಗ್ರಹಗಳಿಗೆ ಹಳೆಯ ತಟ್ಟೆಯಿಂದಲೇ ಇಳಿಸಿಕೊಳ್ಳಬೇಕಾಯಿತು.

ಸೆಪ್ಟೆಂಬರ್ 4ರಂದು ಇನ್ನೊಂದು ಹಾಡೂ ಆಯಿತು. ಮಿಚ್ ಮರ್ರಿ ಬರೆದ ‘ಹೌ ಡು ಯು ಡು ಇಟ್’. ಇದು ಖಂಡಿತ ಗೆಲ್ಲುತ್ತದೆ, ಇದನ್ನೇ ಬಿಡುಗಡೆ ಮಾಡೋಣ ಅನ್ನುವುದು ಮಾರ್ಟಿನ್ ಅವರ ಆಸೆ. ಹುಡುಗರು ಹಾಡಿದರು. ತಪ್ಪಿಲ್ಲದೆ ಹಾಡಿದರು. ಆದರೆ ಉಪ್ಪಿಲ್ಲದ ಸಾರಿನ ಹಾಗಿದೆ. ಆಮೇಲೆ ನಮಗೆ ನಮ್ಮ ಹಾಡೇ ಬೇಕು ಅಂತ ಹೇಳಿದರು. ಯೋಚನೆ ಮಾಡಿ, ತಮ್ಮದೇ ಆದ ಒಂದೂ ಹಾಡು ಹೊರಬಂದಿಲ್ಲ, ಒಂದು ಕಂಪನಿ ಆಗಲೇ ತಿರಸ್ಕರಿಸಿದೆ. ಅಂಥ ಹೊತ್ತಿನಲ್ಲಿ ಗೆಲ್ಲುವ ಹಾಡನ್ನು ಬೇಡ ಅನ್ನುವುದು! ಮಾರ್ಟಿನ್ ಅವರ ಊಹೆ ಸರಿಯಾಗಿಯೇ ಇತ್ತು. ಅದೇ ಹಾಡು ಮುಂದಿನ ವರ್ಷ ಜೆರ್ರಿ ಮತ್ತು ಪೇಸ್‌ಮೇಕರ್ಸ್ ತಂಡಕ್ಕೆ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನ ತಂದುಕೊಟ್ಟಿತು. ‘ಲವ್ ಮಿ ಡೂ’ 17ನೇ ಸ್ಥಾನದ ತನಕ ಮಾತ್ರ ಏರಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ, ನಡುಗುವ ಹಾಡಿಗೆ ಜೀವ ಇದೆ. ನಡುಗದ ಹಾಡಿನಲ್ಲಿ ಅವರು ಇಲ್ಲವೇ ಇಲ್ಲ.

ನವೆಂಬರ್ 26ರಂದು ‘ಪ್ಲೀಸ್ ಪ್ಲೀಸ್ ಮಿ’ ಆಯಿತು. ಮೊದಲು ನಿಧಾನದ ಹಾಡಾಗಿತ್ತು, ಮಾರ್ಟಿನ್ ವೇಗ ಹೆಚ್ಚಿಸಲು ಹೇಳಿದ್ದರು. ಮುಗಿದಾಗ ಇದೇ ನಿಮ್ಮ ಮೊದಲ ನಂಬರ್ ಒನ್ ಅಂತ ಮೈಕಿನಲ್ಲಿ ಹೇಳಿದರು. ಆಗಿನ ಬಹುಪಾಲು ಪಟ್ಟಿಗಳಲ್ಲಿ ಹಾಗೇ ಆಯಿತು.

ಆ ಡಿಸೆಂಬರಿನ ಕೊನೆಗೆ ಅವರು ಹ್ಯಾಂಬರ್ಗಿನ ಸ್ಟಾರ್ ಕ್ಲಬ್ಬಿನಲ್ಲಿ ಇದ್ದರು. ಅಲ್ಲಿ ಒಂದು ಸಾದಾ ಟೇಪ್ ರೆಕಾರ್ಡರ್, ಒಂದು ಮೈಕು ಇಟ್ಟು ಯಾರೋ ಹಿಡಿದ ಸದ್ದು 1977ರಲ್ಲಿ ತಟ್ಟೆಯಾಗಿ ಬಂತು. ಸದ್ದು ತುಂಬಾ ಕೆಟ್ಟದಾಗಿದೆ. ಗ್ಲಾಸಿನ ಸದ್ದು, ಕೂಗಾಟ, ನಡುವೆ ಕ್ಲಬ್ಬಿನ ಸಿಬ್ಬಂದಿಯೇ ಬಂದು ಒಂದೆರಡು ಹಾಡು ಹಾಡುತ್ತಾರೆ. ಆದರೆ ನಾಲ್ವರೂ ಕುದುರೆಯ ಹಾಗೆ ಓಡುತ್ತಾರೆ. ಪಾಲ್‌ನ ದನಿಯಲ್ಲಿ ಹೆದರಿಕೆಯ ಹೆಸರೂ ಇಲ್ಲ. ಅಂದರೆ ಅಳುಕು ಇದ್ದದ್ದು ಸ್ಟುಡಿಯೋದಲ್ಲಿ ಮಾತ್ರ. ಹೆದರದ ಬೀಟಲ್ಸ್ ಆಗಲೇ ಇದ್ದರು, ಸ್ಟುಡಿಯೋದ ದಪ್ಪ ಬಾಗಿಲಿನ ಹೊರಗೆ. ಅವರನ್ನು ಒಳಗೆ ಕರೆದುಕೊಂಡು ಬರುವುದಷ್ಟೇ ಉಳಿದಿತ್ತು.

ಜಾರ್ಜ್ ಮಾರ್ಟಿನ್ ಅವರ ದೊಡ್ಡತನ ಇರುವುದು ಇದನ್ನು ಕಂಡದ್ದರಲ್ಲಿ. ಅವರು ಲಿವರ್‌ಪೂಲಿಗೆ ಹೋಗಿ, ಕ್ಯಾವರ್ನ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಇವರು ನುಡಿಸುವುದನ್ನು ನೋಡಿದರು. ಅಲ್ಲೇ ರೆಕಾರ್ಡ್ ಮಾಡೋಣ ಅಂದುಕೊಂಡರು. ಕಲ್ಲಿನ ಕಮಾನುಗಳ ಆ ಜಾಗದಲ್ಲಿ ಸದ್ದು ಸರಿಯಾಗಿ ನಿಲ್ಲುವಂತಿರಲಿಲ್ಲ. ಸರಿ, ಕ್ಲಬ್ಬಿನಲ್ಲಿ ನುಡಿಸುವ ಹಾಡುಗಳನ್ನೇ ಸ್ಟುಡಿಯೋದಲ್ಲಿ ಹಾಗೇ ನುಡಿಸಿ ಅಂದರು.

1963ರ ಫೆಬ್ರವರಿ 11, ಸೋಮವಾರ. ಇಂಗ್ಲೆಂಡ್ ಕಂಡ ಅತಿ ಕೆಟ್ಟ ಚಳಿಗಾಲಗಳಲ್ಲಿ ಒಂದು. ಹೆಲೆನ್ ಶಪೀರೊ ಎಂಬ ಗಾಯಕಿಯ ಜೊತೆ ಊರೂರು ಸುತ್ತುತ್ತಿದ್ದವರು ಒಂದು ದಿನ ಬಿಡುವು ಮಾಡಿಕೊಂಡು ಬಂದಿದ್ದರು. ಜಾನ್‌ಗೆ ಜೋರು ನೆಗಡಿ. ಗಂಟಲು ಆಗಲೇ ಕಟ್ಟಿತ್ತು. ಪಿಯಾನೋ ಮೇಲೆ ಜ್ಯೂಬ್ಸ್ ಅನ್ನುವ ಗಂಟಲಿನ ಗುಳಿಗೆಗಳ ಡಬ್ಬಿ, ಪಕ್ಕದಲ್ಲೇ ಸಿಗರೇಟು. ಬೆಳಿಗ್ಗೆ 10ಕ್ಕೆ ಶುರು. ಊಟದ ಹೊತ್ತಿಗೆ ಸ್ಟುಡಿಯೋದವರೆಲ್ಲ ಹೋಗಿ ಬರುವಷ್ಟರಲ್ಲಿ ಈ ನಾಲ್ವರೂ ಹಾಲು ಕುಡಿದುಕೊಂಡು ಇನ್ನೂ ಅಭ್ಯಾಸ ಮಾಡುತ್ತಲೇ ಇದ್ದರು. ರಾತ್ರಿ 10 ದಾಟಿ ಮುಗಿಯುವ ಹೊತ್ತಿಗೆ 10 ಹಾಡು ಆಗಿತ್ತು. ಮೊದಲೇ ಬಂದಿದ್ದ ನಾಲ್ಕು ಸೇರಿಸಿ ಇಡೀ ಆಲ್ಬಮ್. ಇಂದು ಒಂದು ಹಾಡಿನ ಡ್ರಮ್ಸ್ ಸರಿಮಾಡಲು ಅದಕ್ಕಿಂತ ಜಾಸ್ತಿ ದಿನ ಹಿಡಿಯುತ್ತದೆ.

ಆಗಿನ ಟೇಪಿನಲ್ಲಿ ಎರಡೇ ಟ್ರ್ಯಾಕು. ಒಂದಕ್ಕೆ ವಾದ್ಯ, ಇನ್ನೊಂದಕ್ಕೆ ಹಾಡು. ಈ ಆಲ್ಬಮ್ಮಿನ ಸ್ಟೀರಿಯೋ ಪ್ರತಿ ಸಿಕ್ಕರೆ ಇಯರ್‌ಫೋನ್ ಹಾಕಿಕೊಂಡು ಒಂದು ಕಿವಿಯದನ್ನು ತೆಗೆದುಬಿಡಿ. ಗಿಟಾರು ಡ್ರಮ್ಸು ಹೆಚ್ಚುಕಮ್ಮಿ ಮಾಯವಾಗಿ, ಉಸಿರು ಎಳೆಯುವ ಸದ್ದು ಸಮೇತ ದನಿಗಳು ಉಳಿಯುತ್ತವೆ. ನಾನು ಹಾಗೆ ಕೇಳಿದ್ದು ಒಂದು ಮಳೆಯ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ. ಮೊದಲ ಹಾಡು ಶುರುವಾಗುವ ಮುನ್ನ ಪಾಲ್ ಒಂದು ಎರಡು ಮೂರು ಅಂತ ಎಣಿಸುತ್ತಾನೆ, ನಾಲ್ಕನ್ನು ಕೂಗುತ್ತಾನೆ. ಆ ಎಣಿಕೆ ಸಿಕ್ಕಿದ್ದು ಬೇರೊಂದು ಟೇಕಿನಲ್ಲಿ. ಅದನ್ನು ಕತ್ತರಿಸಿ ತಂದು ಇಲ್ಲಿ ಅಂಟಿಸಿದ್ದಾರೆ. ಸ್ಟುಡಿಯೋದಲ್ಲಿ ಇಂಥ ಎಣಿಕೆಯನ್ನು ಎಲ್ಲರೂ ತೆಗೆದು ಬಿಸಾಡುತ್ತಿದ್ದರು. ಮಾರ್ಟಿನ್ ಉಳಿಸಿಕೊಂಡರು. ಒಂದು ವರ್ಷದ ಹಿಂದೆ ಅದೇ ಗಂಟಲು ಕೆಂಪು ದೀಪ ನೋಡಿ ಒಡೆದಿತ್ತು, ಅಲ್ವಾ?

(ಈ ಹಾಡುಗಳು ನಮ್ಮ ದೇಶಕ್ಕೂ ಬಂದವು. ಕೋಲ್ಕತ್ತದ ಹತ್ತಿರದ ಡಮ್‌ಡಮ್ ಕಾರ್ಖಾನೆಯಲ್ಲಿ ಒತ್ತಿದ ತಟ್ಟೆಗಳು. ಬ್ರಿಟನ್ನಿನಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳು ನಿಂತುಹೋದ ಮೇಲೂ ಇಲ್ಲಿ ಬೀಟಲ್ಸ್ ಹಾಡುಗಳು ಅಂಥ ತಟ್ಟೆಗಳಲ್ಲಿ ಬಂದಿದ್ದವು. ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನಿನಲ್ಲಿ ಬೀಟಲ್ಸ್! ಕೆನ್ಸಿಂಗ್ಟನ್ನಿನ ಆ ಮೊದಲ ತಟ್ಟೆಯೂ 78ರದ್ದೇ.)

‘ಟ್ವಿಸ್ಟ್ ಆ್ಯಂಡ್ ಶೌಟ್’ ಅನ್ನು ಮಾರ್ಟಿನ್ ಬೇಕೆಂದೇ ಕೊನೆಗೆ ಇಟ್ಟಿದ್ದರು. ಅದನ್ನು ಹಾಡಿದರೆ ಜಾನ್‌ನ ಗಂಟಲು ಹರಿದುಹೋಗುತ್ತದೆ, ಆಮೇಲೆ ಬೇರೇನೂ ಹಾಡಲಾಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಹಾಡಿ ಹಾಡಿ ಉಳಿದದ್ದೇ ಒಂದಿಷ್ಟು. ಅದರ ಮೇಲೆ ನೆಗಡಿ. ಜಾನ್ ಒಂದು ಗುಟುಕು ಹಾಲು ಕುಡಿದ, ಗಂಟಲು ಸರಿಮಾಡಿಕೊಂಡ, ಶುರುವಾಯಿತು.

ಈ ಹಾಡು ಅವರದಲ್ಲ. ಐಸ್ಲಿ ಬ್ರದರ್ಸ್ ಹಿಂದಿನ ವರ್ಷ ಹಾಡಿ ಗೆದ್ದದ್ದು. ಹಾಗಾದರೆ ಇದೂ ಅಣ್ಣನ ಅಂಗಿ ಅಲ್ವಾ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಕೇಳುತ್ತಾ ಹೋದರೆ ಇಲ್ಲಿ ಅಂಗಿಯೇ ಉಳಿದಿಲ್ಲ. ಯಾರ ಹಾಗೆ ಹಾಡಬೇಕು ಅಂತ ಯೋಚಿಸುವಷ್ಟು ಗಂಟಲೇ ಅವನಲ್ಲಿ ಇರಲಿಲ್ಲ. ಇದ್ದಷ್ಟನ್ನು ತೆಗೆದು ಹೊರಗೆ ಹಾಕುತ್ತಾನೆ. ದನಿ ಒಡೆದಿದೆ, ಸೀಳಿದೆ, ಮರಳು ಕಾಗದದ ಹಾಗೆ ಉಜ್ಜುತ್ತದೆ. ನಡುಗುವುದಿಲ್ಲ. ಮಿಕ್ಕ ಮೂವರು ಹಿಂದಿನಿಂದ ಅವನನ್ನು ತಳ್ಳುತ್ತಲೇ ಇರುತ್ತಾರೆ. ಹಾಡಿನ ನಡುವೆ ದನಿಗಳು ಒಂದರ ಮೇಲೊಂದು ಏರುತ್ತಾ ಹೋಗುವ ಜಾಗದಲ್ಲಿ ಪ್ರತಿ ಸಲವೂ ನನ್ನ ಕೈ ಮುಷ್ಟಿಯಾಗುತ್ತದೆ. ತುಂಬಾ ವರ್ಷ ಆ ಹಾಡು ಕೇಳಿದರೆ ಜಾನ್‌ಗೆ ನಾಚಿಕೆಯಾಗುತ್ತಿತ್ತಂತೆ, ಇದಕ್ಕಿಂತ ಚೆನ್ನಾಗಿ ಹಾಡಬಲ್ಲೆ ಅಂತ. ಇದಕ್ಕಿಂತ ಚೆನ್ನಾಗಿ ಅವನು ಮುಂದೆ ಹಾಡಿದ್ದಾನೆ, ನಿಜ. ಇಷ್ಟು ಬಿಚ್ಚಿ ಹಾಡಿದ್ದು ನನಗೆ ಹೆಚ್ಚು ಕಡೆ ಕೇಳಿಸಿಲ್ಲ.

ಆಲ್ಬಮ್ಮಿನಲ್ಲಿ ಇರುವುದು ಆ ಮೊದಲ ಟೇಕೇ. ಮಾರ್ಟಿನ್ ಇನ್ನೊಂದು ಸಲ ಮಾಡಿಸಿ ನೋಡಿದರು. ಜಾನ್ ಬಾಯಿ ತೆರೆದ. ಗಂಟಲಿನಲ್ಲಿ ಏನೂ ಉಳಿದಿರಲಿಲ್ಲ. ಮಾರನೇ ದಿನ ಶೆಫೀಲ್ಡಿನಲ್ಲಿ ಒಂದು, ಓಲ್ಡ್‌ಹ್ಯಾಮಿನಲ್ಲಿ ಒಂದು, ಎರಡು ಕಾರ್ಯಕ್ರಮ ಇದ್ದವು.